ವಕೀಲಿ ಕೋಣೆಯ ಹುಲಿಮರಿಗಳು

ಟಕ್.

ಬೆಳಗಿನ ಚಹಾ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮುಂದಿನ ಕೋಣೆಯಿಂದ ಆ ಸದ್ದು ಬಂತು, ಒಣಗಿದ ಕಡ್ಡಿಯನ್ನು ಯಾರೋ ಬೆರಳ ನಡುವೆ ಮುರಿದ ಹಾಗೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಟಕ್, ಟಕ್. ಮೈ ಗಾಡ್, ಮೀನಿನ ತೊಟ್ಟಿಯ ಗಾಜು ಸೀಳುತ್ತಿದೆ ಎಂದುಕೊಂಡೆ. ಇನ್ನೊಂದು ಗಳಿಗೆಗೆ ಅಷ್ಟೂ ನೀರು ನನ್ನ ಮನೆಯಿಂದ ಸಿಂಧನೂರಿನ ರಸ್ತೆಗೆ ಹರಿಯುತ್ತದೆಂದು ಚಹಾದ ಕಪ್ಪನ್ನು ಅಲ್ಲೇ ಇಟ್ಟು, ಹಾಸಿಗೆಯ ಮೇಲಿನ ಚಾದರ ಎಳೆದುಕೊಂಡು ಓಡಿದೆ. ತೊಟ್ಟಿಗೆ ಹೊದಿಸಿದ್ದ ಬಟ್ಟೆ ಸರಿಸಿ ನೋಡಿದರೆ ಗಾಜಿಗೆ ಏನೂ ಆಗಿರಲಿಲ್ಲ. ಒಳಗಿನ ಮೀನುಗಳು ಉಣ್ಣುತ್ತಿದ್ದವು. ಹೊರಗೆ ನಾನು ಚಾದರ ತಬ್ಬಿಕೊಂಡು ನಿಂತಿದ್ದೆ.

ಕ್ಲೌನ್ ಲೋಚ್ ಎಂಬ ಮೀನು ತೃಪ್ತಿಯಾಗಿ ಉಣ್ಣುವಾಗ ಹಾಗೆ ಸದ್ದು ಮಾಡುತ್ತದೆ. ಅದನ್ನು ಯಾವ ಬುಕ್ಕಿನಲ್ಲಿಯೂ ನಾನು ಓದಿರಲಿಲ್ಲ. ಓದಿದ್ದರೂ ನಂಬುತ್ತಿರಲಿಲ್ಲ, ಏಕೆಂದರೆ ಅದಕ್ಕೆ ಮೊದಲು ನನ್ನ ಕೈಗೆ ಬಂದ ಲೋಚುಗಳಲ್ಲಿ ಒಂದನ್ನು ಬಿಟ್ಟರೆ ಯಾವುದಕ್ಕೂ ತೃಪ್ತಿಪಡುವಷ್ಟು ದಿನ ಬದುಕುವ ಭಾಗ್ಯವೇ ಇರಲಿಲ್ಲ.

ಈಚೆಗೆ ಇಬ್ಬರು ಮೂವರು ಹುಡುಗಿಯರು ಬಣ್ಣದ ಮೀನು ಸಾಕುವ ಈ ಕೆಲಸ ಕಲಿಯಬೇಕೆಂದು ನನ್ನ ಮನೆಗೆ ಬಂದಿದ್ದರು. ಎಲ್ಲರ ಮೊಬೈಲಿನಲ್ಲೂ ವಿಡಿಯೋಗಳಿದ್ದವು. ನಾನು ಮೊದಲು ಬಕೆಟ್ಟು ತೋರಿಸಿದೆ. ಇದನ್ನು ದಿನಕ್ಕೆ ಎಷ್ಟು ಸಲ ಎತ್ತಬೇಕು ಆಂಟಿ ಎಂದು ಒಬ್ಬಳು ಕೇಳಿದಳು. ಹೇಳಿದೆ. ಮರುದಿನ ಅವಳು ಬರಲಿಲ್ಲ. ಬಂದವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನ ನೌಕರಿ ಏನೆಂದು ಕೇಳಿದರೆ ಒಂದು ಮಾತಿನಲ್ಲಿ ಹೇಳುವುದು ಕಷ್ಟ. ನಮ್ಮೂರಿನ ಶರಣಪ್ಪ ಸಾವ್ಕಾರರು ಅಕ್ಕಿ ವ್ಯಾಪಾರದ ಜೊತೆಗೆ ಬಣ್ಣದ ಮೀನಿನ ಅಂಗಡಿ ತೆರೆದಿದ್ದರು. ಹೊಸ ಮನೆ ಕಟ್ಟಿದವರು, ನರ್ಸಿಂಗ್ ಹೋಮ್ ತೆರೆದವರು ಒಂದೊಂದು ಅಕ್ವೇರಿಯಂ ಇಡುತ್ತಿದ್ದ ಕಾಲ. ಎಲ್ಲರ ಮನೆಯಲ್ಲೂ ಅದೇ ಗೋಲ್ಡ್ ಫಿಶ್ ನೋಡಿ ಸಾವ್ಕಾರರಿಗೆ ಬೇಸರ ಬಂದಿತ್ತು. ಫಾರಿನ್ ಮಾಲು ತರಿಸುವ ಮನಸ್ಸಾಯಿತು. ಆ ಕ್ಲೌನ್ ಲೋಚ್ ಮರಿಗಳು ಸಮುದ್ರದಾಚೆಯ ದ್ವೀಪಗಳ ನದಿಗಳಲ್ಲಿ ಹಿಡಿದವು. ವಿಮಾನದಲ್ಲಿ ಬಂದು, ಕೊನೆಗೆ ಹೈದರಾಬಾದಿನ ಬಸ್ಸಿನಲ್ಲಿ ಥರ್ಮೋಕೋಲ್ ಡಬ್ಬಿಯೊಳಗೆ ನಮ್ಮೂರಿಗೆ ಇಳಿಯುತ್ತಿದ್ದವು. ಕಿರುಬೆರಳಿನಷ್ಟು ಉದ್ದ, ಕಿತ್ತಳೆ ಮೈ, ಮೂರು ಕಪ್ಪು ಪಟ್ಟೆ, ಬಾಯಿಯ ಸುತ್ತ ಚೂರು ಮೀಸೆ. ಸಾವ್ಕಾರರು ಅವನ್ನು ಹುಲಿಮರಿ ಎನ್ನುತ್ತಿದ್ದರು. ಬಂದ ಕೂಡಲೇ ಅವನ್ನು ಮಾರುವ ಹಾಗಿಲ್ಲ. ದಣಿದಿರುತ್ತವೆ, ಉಪವಾಸ ಬಿದ್ದಿರುತ್ತವೆ, ಅರ್ಧಕ್ಕರ್ಧ ರೋಗ ತಂದಿರುತ್ತವೆ. ತಿಂಗಳಾದರೂ ಒಂದು ಶಾಂತವಾದ ಮನೆಯಲ್ಲಿ ಇಟ್ಟು ಬೆಳೆಸಬೇಕು. ಆ ಮನೆ ನನ್ನದು.

ನಾನು ಯಾಕೆ ಎಂದರೆ ನನಗೆ ಇಂಗ್ಲಿಷ್ ಬರುತ್ತಿತ್ತು. ಸಿಕಂದರಾಬಾದಿನ ಕಾನ್ವೆಂಟಿನಲ್ಲಿ ಓದಿ ಈ ಊರಿಗೆ ಸೊಸೆಯಾಗಿ ಬಂದವಳು ನಾನು. ನಮ್ಮವರು ವಕೀಲರಾಗಿದ್ದರು. ಅವರು ಹೋದ ಮೇಲೆ ಮುಂದಿನ ವಕೀಲಿ ಕೋಣೆಗೆ ಬೀಗ ಹಾಕಿದ್ದೆ. ಒಂದು ದಿನ ಸಾವ್ಕಾರರು ಬಂದು ವರಾಂಡದಲ್ಲಿ ಕುಳಿತರು.

"ವಿಮಲಮ್ಮಾರ, ಈ ಮೀನಿನ ಔಷಧಿ ಬಾಟ್ಲಿ ಮ್ಯಾಲೆ ಎಲ್ಲಾ ಇಂಗ್ಲೀಷ್ ಬರದಾರ. ನಮ್ಮ ಮಂದಿ ಓದಂಗಿಲ್ಲ. ನೀವು ಬರಾಬರ್ ಓದ್ತೀರಿ. ಆ ಕೋಣಿ ಬ್ಯಾರೆ ಖಾಲಿ ಐತಿ."

"ಸಾವ್ಕಾರ್ರ, ನಾನು ಮೀನು ತಿನ್ನೋಳೂ ಅಲ್ಲ, ಸಾಕಿದೋಳೂ ಅಲ್ಲ."

"ತಿನ್ನಂಗಿಲ್ಲ ಅಂತ ಗೊತ್ತಿದ್ದ ಬಂದೀನ್ರಿ," ಎಂದರು.

ಹೀಗೆ ಕಾನೂನು ಪುಸ್ತಕಗಳ ಕಪಾಟು ಹೊರಗೆ ಹೋಯಿತು, ಆರು ತೊಟ್ಟಿಗಳು ಒಳಗೆ ಬಂದವು. ಕಕ್ಷಿದಾರರು ಕೂರುತ್ತಿದ್ದ ಉದ್ದನೆಯ ಬೆಂಚು ಮಾತ್ರ ಅಲ್ಲೇ ಉಳಿಯಿತು.

ಮೊದಲ ಕಂತಿನ ಮೂವತ್ತು ಮರಿಗಳನ್ನು ನಾವು ಭಕ್ತಿಯಿಂದ ಕೊಂದೆವು. ಬೇರೆ ಮಾತಿಲ್ಲ. ಸಾವ್ಕಾರರು ದೊಡ್ಡ ಶಿವಭಕ್ತರು. ಮೊದಲ ಫಾರಿನ್ ಮಾಲನ್ನು ತಮ್ಮ ಮನೆಯ ಗುರುಗಳಾದ ಅಯ್ಯನವರ ಕೈಯಿಂದಲೇ ನೀರಿಗೆ ಬಿಡಿಸಬೇಕೆಂದು ಹಟ ಹಿಡಿದರು. ಅಯ್ಯನವರು ತುರ್ವಿಹಾಳದಿಂದ ಬರಬೇಕು. ಮೀನಿನ ಚೀಲಗಳು ಆಗಲೇ ಬಂದಿದ್ದವು. ಗಾಳಿ ತುಂಬಿ ಬಿಗಿಯಾಗಿ ಕಟ್ಟಿದ ಪ್ಲಾಸ್ಟಿಕ್ ಚೀಲಗಳು. ಪಾಪ, ಉಸಿರು ಕಟ್ಟಿರಬೇಕು ಎಂದು ನಾನು ಜಾಣತನದಿಂದ ಎಲ್ಲದರ ಬಾಯಿ ಬಿಚ್ಚಿಟ್ಟೆ. ಪ್ರತಿ ಚೀಲಕ್ಕೂ ಸಾವ್ಕಾರರು ವಿಭೂತಿ ತೋರಿಸಿ, ಒಂದೊಂದು ಸೇವಂತಿಗೆ ಹೂ ಇಟ್ಟರು. ಅಯ್ಯನವರ ಬಸ್ಸು ಬರಲಿಲ್ಲ. ಇನ್ನೊಂದು ಬಸ್ಸಿಗೆ ಬರುತ್ತಾರೆಂದು ಫೋನ್ ಬಂತು. ಕಾದೆವು. ಕಾಯುತ್ತಾ, ಇಲ್ಲಿಯವರು ಮಂಡಾಳು ಎನ್ನುವ ಮಂಡಕ್ಕಿಯ ಒಗ್ಗರಣೆ ತಿಂದೆವು.

ದಾರಿಯುದ್ದಕ್ಕೂ ಮೀನು ಮಾಡಿದ ಹೊಲಸು ಆ ಚೀಲದ ನೀರಿನಲ್ಲೇ ಇರುತ್ತದೆ. ಬಾಯಿ ಕಟ್ಟಿರುವ ತನಕ ಅದು ಸುಮ್ಮನಿರುತ್ತದೆ. ಬಿಚ್ಚಿ ಹೊರಗಿನ ಗಾಳಿ ತಾಗಿದ ಮೇಲೆ ವಿಷವಾಗುತ್ತದೆ. ಚೀಲ ಬಿಚ್ಚಿದಿರೋ, ತಡಮಾಡದೆ ಮೀನನ್ನು ತೊಟ್ಟಿಗೆ ಬಿಡಬೇಕು, ಚೀಲದ ನೀರನ್ನು ಬಚ್ಚಲಿಗೆ ಚೆಲ್ಲಬೇಕು. ಇದನ್ನು ನಾನು ತಿಳಿದದ್ದು ಮೂರು ದಿನಗಳಾದ ಮೇಲೆ. ಅಯ್ಯನವರು ಬಂದಾಗ ಮರಿಗಳು ಮೇಲೆ ತೇಲಿ ಬಾಯಿ ಬಿಡುತ್ತಿದ್ದವು. ಮುದುಕ ಬಾಗಿ ನೋಡಿ, "ಶರಣಪ್ಪ, ಇವಕ್ಕ ನನ್ನ ಆಶೀರ್ವಾದಕ್ಕಿಂತ ನೀರು ಜರೂರ್ ಇತ್ತಲ್ಲೋ," ಎಂದರು. ಅವತ್ತು ಆ ಮನೆಯಲ್ಲಿ ಮೀನಿನ ಬಗ್ಗೆ ತಿಳಿದವರೆಂದರೆ ಅವರೊಬ್ಬರೇ.

ಎರಡನೆಯ ಕಂತನ್ನು ಕೊಂದದ್ದು ನನ್ನ ಇಂಗ್ಲಿಷ್. ಈ ಸಲ ಚೀಲ ಬಿಚ್ಚಿ ಕೂಡಲೇ ಬಿಟ್ಟೆ. ಚೆನ್ನಾಗಿಯೇ ಇದ್ದವು. ಒಂದು ವಾರಕ್ಕೆ ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆಗಳು ಎದ್ದವು. ಹಸಿರು ಔಷಧಿಯ ಬಾಟಲಿ ತೆಗೆದು, ಸಾವ್ಕಾರರ ಮುಂದೆ ಶಾಲೆಯಲ್ಲಿ ಪಾಠ ಓದಿದ ಹಾಗೆ ಗಟ್ಟಿಯಾಗಿ ಓದಿ, ಅಳತೆಗೆ ಒಂದು ಹನಿ ಹೆಚ್ಚಿಲ್ಲ ಕಡಿಮೆಯಿಲ್ಲ, ಪೂರ್ತಿ ಡೋಸ್ ಹಾಕಿದೆ. ಸಾವ್ಕಾರರು ಮೆಚ್ಚಿ ತಲೆದೂಗಿದರು.

ಬಾಟಲಿಯ ತಳದಲ್ಲಿ ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲಿತ್ತು. ಲೋಚಿನಂಥ ಕಂಡೂ ಕಾಣದ ಹುರುಪೆಯ ಮೀನುಗಳಿಗೆ ಅರ್ಧ ಡೋಸ್ ಮಾತ್ರ. ಅದನ್ನು ಓದಲು ಕನ್ನಡಕ ಬೇಕಿತ್ತು. ಕನ್ನಡಕ ಬೀರುವಿನೊಳಗಿತ್ತು. ಹಾಕಿಕೊಂಡರೆ ಮುದುಕಿಯ ಹಾಗೆ ಕಾಣುತ್ತೇನೆಂದು ಪರರ ಮುಂದೆ ಅದನ್ನು ತೆಗೆಯುತ್ತಿರಲಿಲ್ಲ. ಈಗ ನಾನು ನಿಜವಾಗಿ ಮುದುಕಿ, ಕನ್ನಡಕ ಸರಪಳಿಗೆ ಕಟ್ಟಿಕೊಂಡು ಕೊರಳಲ್ಲೇ ನೇತಾಡುತ್ತದೆ. ಆದರೆ ಆ ಮರಿಗಳಿಗೆ ಅದರಿಂದೇನು?

ಒಂದು ಉಳಿಯಿತು. ಕಂತಿನಲ್ಲಿ ಎಲ್ಲಕ್ಕಿಂತ ದಪ್ಪಗಿದ್ದದ್ದು. ಕಲ್ಲಿನ ಹಿಂದಿನಿಂದ ಅರ್ಧ ಮುಖ ಹೊರಗೆ ಹಾಕಿ ನನ್ನನ್ನು ನೋಡುತ್ತಿತ್ತು, ಹೋಮ್‌ವರ್ಕ್ ಮಾಡದೆ ಬಂದವಳನ್ನು ನೋಡಿದ ಹಾಗೆ. ನಮ್ಮ ಕಾನ್ವೆಂಟಿನ ಹಿರಿಯ ಸನ್ಯಾಸಿನಿಯ ನೆನಪಿಗೆ ಅದಕ್ಕೆ ಮದರ್ ಸುಪೀರಿಯರ್ ಎಂದು ಹೆಸರಿಟ್ಟೆ.

ಸಾವ್ಕಾರರು ಬೈಯಲಿಲ್ಲ. ಬೈದಿದ್ದರೆ ಸುಲಭವಿತ್ತು. ಬೆಂಚಿನ ಮೇಲೆ ಕುಳಿತು, ಕಕ್ಷಿದಾರರಂತೆಯೇ ಮುಖ ಮಾಡಿಕೊಂಡು ಹೇಳಿದರು:

"ಇನ್ನೊಂದ್ ಸಲ ತರಿಸ್ತೀನ್ರಿ ವಿಮಲಮ್ಮಾರ. ಅವೂ ಹೋದ್ವಂದ್ರ ತೊಟ್ಟಿ ಎತ್ತಿಸಿಬಿಡ್ತೀನಿ. ಇಷ್ಟು ಜೀವ ತಗೊಂಡು ಲಿಂಗಪೂಜಿಗೆ ಕುಂದ್ರಾಕ ಮನಸ್ಸ ಒಪ್ಪವಲ್ದು."

ಅವರು ಹೋದ ಮೇಲೆ ಕೋಣೆಯಲ್ಲಿ ಪಂಪುಗಳ ಗುಳುಗುಳು ಮಾತ್ರ ಇತ್ತು. ತೊಟ್ಟಿ ಎತ್ತಿದರೆ ಈ ಕೋಣೆಗೆ ನಾನು ಮತ್ತೆ ಬೀಗ ಹಾಕಬೇಕು. ಮೊದಲ ಸಲ ಬೀಗ ಹಾಕಿದ ದಿನ ನನಗೆ ನೆನಪಿತ್ತು. ಎರಡನೆಯ ಸಲ ಹಾಕುವುದು ನನ್ನಿಂದಾಗದು ಎನಿಸಿತು.

ಮೂರನೆಯ ಕಂತು ಬಂತು. ಚೀಲ ಸರಿಯಾಗಿ ಬಿಚ್ಚಿದೆ, ಕನ್ನಡಕ ಹಾಕಿಕೊಂಡೆ. ಆದರೂ ಮರಿಗಳು ಉಣ್ಣಲಿಲ್ಲ. ಒಂದು ದಿನ, ಎರಡು ದಿನ, ಐದು ದಿನ. ಬೆನ್ನು ಕತ್ತಿಯಲಗಿನ ಹಾಗೆ ತೆಳ್ಳಗಾಯಿತು. ಹೊಟ್ಟೆಯೊಳಗೆ ಹುಳವಿದ್ದರೆ ಹಾಗಾಗುತ್ತದೆಂದು ಈಗ ಓದಿಕೊಂಡಿದ್ದೆ. ಔಷಧಿಯನ್ನು ಆಹಾರದಲ್ಲೇ ಬೆರೆಸಿ ಕೊಡಬೇಕು. ಬಾಯಿಯೇ ತೆರೆಯದವಕ್ಕೆ ಔಷಧಿ ಹೇಗೆ ಕೊಡುವುದು?

ಆ ಹೊತ್ತಿಗೆ ಗಾಳಿ ಪಂಪು ಕೆಟ್ಟಿತು. ಸಾವ್ಕಾರರು ರಿಪೇರಿಗೆ ಹಟ್ಟಿಯಿಂದ ದುರುಗಪ್ಪ ಎಂಬುವವರನ್ನು ಕರೆಸಿದರು. ಚಿನ್ನದ ಗಣಿಯಲ್ಲಿ ನೆಲದಡಿಯ ನೀರೆತ್ತುವ ಪಂಪು ನೋಡಿಕೊಂಡಿದ್ದು ರಿಟೈರ್ ಆದವರು. ಅಷ್ಟು ವರ್ಷದ ಸಪ್ಪಳಕ್ಕೆ ಕಿವಿ ಎರಡೂ ಹೋಗಿದ್ದವು. ತಮಗೆ ಕೇಳದ್ದು ನಮಗೂ ಕೇಳುವುದಿಲ್ಲ ಎಂಬಂತೆ ಕೂಗಿ ಮಾತಾಡುತ್ತಿದ್ದರು. ಒಳಗೆ ಕಾಲಿಟ್ಟವರೇ ತೊಟ್ಟಿಗಳ ಮೇಲಿನ ಟ್ಯೂಬ್‌ಲೈಟು ನೋಡಿದರು.

"ಅಕ್ಕಾರ, ಇದೇನ್ರಿ, ಮದುವಿ ಹಂದರ ಹಾಕಿದಂಗ ಲೈಟ್ ಹಾಕೀರಿ!"

"ಚೆನ್ನಾಗಿ ಕಾಣಲಿ ಅಂತ!" ನಾನೂ ಕೂಗಿದೆ. ನನ್ನ ತುಟಿ ನೋಡಿ ತಿಳಿದುಕೊಂಡರು.

"ಯಾರಿಗಿ? ನಿಮಗೋ, ಅವಕ್ಕೋ?"

ಅವರು ಪಂಪು ಬಿಚ್ಚುತ್ತಾ, ಮೂಲೆಯಲ್ಲಿ ಒಂದರ ಮೇಲೊಂದು ಒತ್ತಿ ಕುಳಿತ ಮರಿಗಳನ್ನು ನೋಡಿದರು.

"ಉಣವಲ್ವು?"

ಇಲ್ಲವೆಂದು ತಲೆಯಾಡಿಸಿದೆ.

"ಮೊದಲ್ನೇ ದಿನ ಗಣ್ಯಾಗ ಇಳಿದಾವ ಯಾವನೂ ರೊಟ್ಟಿ ಗಂಟ ಬಿಚ್ಚಂಗಿಲ್ರಿ. ಗಂಟಲ್ದಾಗ ಇಳಿಯಂಗಿಲ್ಲ. ಉಣ್ಣು ಉಣ್ಣು ಅಂದ್ರ ಅಳ್ತಾನ. ಹಳೇ ಆಳು ಒಬ್ಬಾವ ಹೋಗಿ ಬಾಜೂಕ ಕುಂದರ್ತಾನ. ಮಾತಿಲ್ಲ ಕತಿಯಿಲ್ಲ, ತನ್ನ ಗಂಟ ಬಿಚ್ಚಿ ತಾ ಉಣ್ತಾನ. ಅಷ್ಟ. ಜರಾ ಹೊತ್ತಿಗೆ ಹೊಸಾವನೂ ಬಿಚ್ಚತಾನ." ಸ್ಕ್ರೂಡ್ರೈವರ್ ಎತ್ತಿ ನನ್ನ ಕಡೆ ತೋರಿಸಿದರು. "ನಿಮ್ಮಲ್ಲಿ ಹಳೇ ಆಳು ಯಾರದಾರ?"

ಇದ್ದದ್ದು ಮದರ್ ಸುಪೀರಿಯರ್ ಒಬ್ಬಳೇ, ಆಚೆ ತೊಟ್ಟಿಯಲ್ಲಿ. ಈ ಕೆಲಸದ ಬೈಬಲ್ ಅನ್ನಬಹುದಾದ ಒಂದೇ ನಿಯಮವೆಂದರೆ ಹಳೆಯ ಮೀನನ್ನು ಹೊಸ ಕಂತಿನ ಜೊತೆ ಬೆರೆಸಬಾರದು, ಹೊಸದರ ರೋಗ ಹಳೆಯದಕ್ಕೆ ಹತ್ತುತ್ತದೆ. ಅದನ್ನೂ ಕಳೆದುಕೊಂಡರೆ ನನ್ನಲ್ಲಿ ಏನೂ ಉಳಿಯುವುದಿಲ್ಲ. ಸುದ್ದಿ ಕೇಳಿ ಬಂದ ಸಾವ್ಕಾರರಿಗೂ ಅದೇ ಚಿಂತೆ.

"ಉಳಿದದ್ದು ಇದೊಂದ ರೀ. ಇದನ್ನೂ ಬೆಂಕ್ಯಾಗ ಹಾಕ್ತೀರೇನು?"

"ಹೌದು ಸಾವ್ಕಾರ್ರ. ನಮ್ಮ ಕಾನ್ವೆಂಟಿನಲ್ಲೂ ಹೊಸ ಹುಡುಗಿಯರು ಊಟ ಬಿಟ್ಟರೆ ಮದರ್ ಸುಪೀರಿಯರೇ ಬಂದು ಪಕ್ಕದಲ್ಲಿ ಕೂರುತ್ತಿದ್ದರು," ಎಂದೆ. ಅದು ಶುದ್ಧ ಸುಳ್ಳು. ನಮ್ಮ ಮದರ್ ಬಂದರೆ ಉಣ್ಣುತ್ತಿದ್ದವರೂ ನಿಲ್ಲಿಸುತ್ತಿದ್ದರು.

ಮಧ್ಯಾಹ್ನ ಅವಳನ್ನು ಬಟ್ಟಲಿನಲ್ಲೇ ಹಿಡಿದು ದಾಟಿಸಿದೆ. ಲೋಚಿಗೆ ಬಲೆ ಹಾಕಬಾರದು, ಕಣ್ಣಿನ ಕೆಳಗೆ ಮಡಚಿಟ್ಟ ಮುಳ್ಳಿರುತ್ತದೆ, ಬಲೆಗೆ ಸಿಕ್ಕಿದರೆ ಮುಖ ಹರಿಯುತ್ತದೆ. ದುರುಗಪ್ಪ ತಮ್ಮ ಚೀಲದಿಂದ ಪ್ಲಾಸ್ಟಿಕ್ ಪೈಪಿನ ತುಂಡು ತೆಗೆದು, ಅಂಚನ್ನು ಉಜ್ಜಿ ನುಣುಪು ಮಾಡಿ, ತೊಳೆದು ತಳದಲ್ಲಿ ಗುಹೆಯಂತೆ ಇಟ್ಟರು. ಟ್ಯೂಬ್‌ಲೈಟ್ ತಾವೇ ಆರಿಸಿದರು.

"ಮ್ಯಾಲೆ ಕರೇ ಬಟ್ಟಿ ಹೊದಸ್ರಿ, ದಪ್ಪಂದು."

ಮನೆಯಲ್ಲಿದ್ದ ದಪ್ಪನೆಯ ಕರಿ ಬಟ್ಟೆ ಒಂದೇ, ನಮ್ಮವರ ಕೋರ್ಟಿನ ಕೋಟು. ಬಾಗಿಲ ಹಿಂದಿನ ಮೊಳೆಯಿಂದ ಅದನ್ನು ತೆಗೆಯಲು ಇಷ್ಟು ವರ್ಷ ನನಗೆ ಕೈ ಬಂದಿರಲಿಲ್ಲ. ತೆಗೆದು ತೊಟ್ಟಿಯ ಮೇಲೆ ಹೊದಿಸಿದೆ. ತೋಳುಗಳು ಎರಡೂ ಕಡೆ ಇಳಿಬಿದ್ದವು, ಯಾರೋ ತೊಟ್ಟಿಯನ್ನು ತಬ್ಬಿದಂತೆ. ಸಾವ್ಕಾರರು ಅದನ್ನು ನೋಡಿ, "ಇನ್ನ ಕೇಸ್ ಗೆಲ್ತೀವಿ ಬಿಡ್ರಿ," ಎಂದರು. ಅಯ್ಯನವರಿಗಾಗಿ ಮೊದಲ ಮರಿಗಳನ್ನು ಕಾಯಿಸಿದ ಆ ಮನುಷ್ಯನ ಮೇಲಿನ ಸಿಟ್ಟೆಲ್ಲ ಅವತ್ತು ಇಳಿಯಿತು.

ಹೊರಡುವಾಗ ದುರುಗಪ್ಪ ತಮ್ಮ ಮೊಬೈಲ್ ತೋರಿಸಿದರು. "ಮಾತಾಡಿದ್ರ ನನಗ ಕೇಳಂಗಿಲ್ರಿ. ನಮಗ ಗಣ್ಯಾಗ ಗಂಟಿ ಲೆಕ್ಕ ಇತ್ತು, ಹಂಗ ಮಾಡ್ರಿ. ಉಂಡ್ವಂದ್ರ ಒಂದ್ ರಿಂಗ್. ಹೋದ್ವಂದ್ರ ಎರಡ್. ಕಿಸೆದಾಗ ನಡುಗಿದ್ದು ನನಗ ತಿಳಿತೈತಿ."

ಮೂರನೆಯ ಬೆಳಿಗ್ಗೆಯೇ ಆ ಟಕ್. ಕೋಟಿನ ತೋಳು ಸರಿಸಿದಾಗ ಮದರ್ ಸುಪೀರಿಯರ್ ತಲೆ ತಗ್ಗಿಸಿ, ನಾನು ರಾತ್ರಿ ಆಹಾರವಾಗಿ ಹಾಕಿದ್ದ ಕೆಂಪು ಹುಳ ಮೆಲ್ಲುತ್ತಿದ್ದಳು. ಅವಳ ಎರಡೂ ಪಕ್ಕಕ್ಕೆ ಮೂರು ಮರಿಗಳು ಮೀಸೆ ಆಡಿಸುತ್ತಾ ನಿಂತಿದ್ದವು. ಒಂದು ಮರಿ ಅವಳ ಬಾಯಿಂದ ಜಾರಿದ ಚೂರನ್ನು ಎತ್ತಿಕೊಂಡಿತು. ಚಾದರ ಕೆಳಗೆ ಹಾಕಿ, ಫೋನ್ ತೆಗೆದು, ಹಟ್ಟಿಗೆ ಒಂದು ರಿಂಗ್ ಕೊಟ್ಟೆ.

ಎಲ್ಲವೂ ಬದುಕಲಿಲ್ಲ. ತೀರಾ ಸೊರಗಿದ್ದವು ಹೋದವು. ಆದರೆ ಉಣ್ಣುವ ಬಾಯಿಗೆ ಔಷಧಿ ಕೊಡಬಹುದಿತ್ತು, ಕೊಟ್ಟೆ. ಹತ್ತೊಂಬತ್ತು ಉಳಿದವು. ಮದರ್ ಸುಪೀರಿಯರಿಗೆ ಒಂದು ಶೀತವೂ ಆಗಲಿಲ್ಲ. ಸಾವ್ಕಾರರು ಬಂದು ಆ ಸದ್ದು ಕೇಳಿ, "ಶಿವಾ ಶಿವಾ, ಚಿಟಿಕಿ ಹೊಡ್ಯಾಕತ್ತಾವಲ್ರಿ!" ಎಂದರು. ಮುಂದೆ ಗಿರಾಕಿಗಳಿಗೆ ಇವು ತಮ್ಮನ್ನು ಕಂಡರೆ ಮಾತ್ರ ಚಿಟಿಕೆ ಹೊಡೆಯುತ್ತವೆಂದು ಹೇಳಿಕೊಂಡು ತಿರುಗಿದರು. ತೊಟ್ಟಿ ಎತ್ತಿಸುವ ಮಾತು ಮತ್ತೆ ಬರಲಿಲ್ಲ.

ಆಮೇಲೆ ಬಂದ ಪ್ರತಿ ಕಂತಿಗೂ ಇದೇ ಪದ್ಧತಿ: ಕತ್ತಲು, ಪೈಪು, ಪಕ್ಕದಲ್ಲೊಂದು ಹಳೇ ಆಳು. ಹುಡುಗಿಯರೇ, ಇದನ್ನು ಕೇಳಿದರೆ ನಿಮ್ಮ ವಿಡಿಯೋದವರು ತಲೆ ಚಚ್ಚಿಕೊಳ್ಳುತ್ತಾರೆ. ಅವರು ಹೇಳುವುದೂ ಸರಿ. ಮೊದಲ ವಾರ ಹೊಸದನ್ನು ಬೇರೆ ಇಟ್ಟು, ಚುಕ್ಕೆ ಏಳಲಿಲ್ಲವೆಂದು ಖಾತ್ರಿಯಾದ ಮೇಲೆಯೇ ನಾನು ಬೆರೆಸುತ್ತಿದ್ದೆ. ಬೇರೆ ಊರಿನವರು ಹೀಟರ್ ಬಗ್ಗೆ ಹೇಳುತ್ತಾರೆ. ನಮ್ಮ ಬೇಸಿಗೆಗೆ ಬೇಕಾದದ್ದು ಫ್ರಿಜ್ಜಿನಲ್ಲಿ ಗಟ್ಟಿ ಮಾಡಿದ ನೀರಿನ ಬಾಟಲಿ. ಬೋರಿನ ನೀರು ಸವಳು, ಅರ್ಧಕ್ಕೆ ಫಿಲ್ಟರ್ ನೀರು ಬೆರೆಸಿ. ಕಾಲುವೆ ನೀರು ಮೆದುವಾಗಿದೆಯೆಂದು ಆಸೆಪಡಬೇಡಿ, ದಢೇಸುಗೂರಿನ ಕಡೆ ಭತ್ತಕ್ಕೆ ಕೀಟನಾಶಕದ ಎಣ್ಣೆ ಹೊಡೆದ ವಾರ ಅದನ್ನು ತಂದು ಹಾಕಿದವರ ಕತೆ ನಾನು ಕೇಳಿದ್ದೇನೆ. ನಾನೇ ಅವರಲ್ಲ ಎಂದು ಹೇಳಲು ಸಂತೋಷವಾಗುತ್ತದೆ, ಇಂಥ ಸಂತೋಷ ನನಗೆ ಅಪರೂಪ.

ಐದಕ್ಕಿಂತ ಕಡಿಮೆ ಲೋಚ್ ಯಾರಿಗೂ ಕೊಡಬೇಡಿ, ಒಂಟಿಯಾದರೆ ಕೊರಗುತ್ತವೆ. ಲಿಂಗಸುಗೂರಿನ ಒಬ್ಬ ಹೆಣ್ಣುಮಗಳು ಒಂದೇ ಬೇಕೆಂದು ಆ ಬೆಂಚಿನ ಮೇಲೆ ಧರಣಿ ಕುಳಿತಳು.

"ನಮ್ಮನಿ ಸಣ್ಣದೈತ್ರಿ ಮೇಡಮ್. ಒಂದ ಸಾಕು."

"ಮನಿ ಸಣ್ಣದಾದ್ರ ಲೋಚೇ ಬೇಡಮ್ಮ. ಇದು ಗೇಣಿಗಿಂತ ಉದ್ದ ಬೆಳೀತದೆ, ಇಪ್ಪತ್ತು ವರ್ಷ ಬದುಕ್ತದೆ."

"ಇಪ್ಪತ್ತು ವರ್ಷ!" ಅವಳು ಎದ್ದಳು. "ಅತ್ತಿ ಒಬ್ಬಾಕಿ ಸಾಕ್ರಿ ನನಗ," ಎಂದು ಹೋದಳು.

ಇನ್ನು ಮಸ್ಕಿಯ ಬಟ್ಟೆ ಅಂಗಡಿಯವರ ಹೆಂಡತಿಯ ಫೋನು. ಅಳುತ್ತಿದ್ದರು.

"ಎಲ್ಲಾ ಸತ್ತಾವ್ರಿ ಮೇಡಮ್. ಐದೂ ಮಗ್ಗಲಾಗಿ ಬಿದ್ದಾವ."

"ಮಲಗಿರಬೇಕಮ್ಮ. ಅವು ನಮ್ಮ ಹಾಗೇ ಅಡ್ಡ ಮಲಗ್ತಾವೆ. ಕೈ ಹಚ್ಚಬೇಡಿ."

"ಹಚ್ಚೀವಲ್ರೀ! ಒಂದನ್ನ ನಮ್ಮತ್ತಿ ಸ್ಟೀಲ್ ಬಟ್ಟಲ್ದಾಗ ಹಾಕ್ಯಾರ. ಬೇವಿನ ಗಿಡದ ಬುಡಕ್ಕ ತೆಗ್ಗು ತೋಡೀವಿ. ಅರಿಶಿಣ ಕುಂಕುಮಾನೂ... ಅಯ್ಯಯ್ಯ, ಅತ್ತೀ! ಹಿಡೀರಿ! ಹಿಡೀರೀ!"

ಸ್ಟೀಲ್ ಬಟ್ಟಲು ನೆಲಕ್ಕೆ ಬಿದ್ದ ಸದ್ದು ನನ್ನ ಕಿವಿಗೇ ಕೇಳಿತು. ಮೀನು ಬದುಕಿತು. ಅರಿಶಿಣ ಕುಂಕುಮದ ಜೊತೆ ಮೇಲೆದ್ದು ಬಂದ ಆ ಮೀನಿಗೆ ಅವರ ಅತ್ತೆ ಪ್ರತಿ ಸೋಮವಾರ ಕೈಮುಗಿಯುತ್ತಾರೆಂದು ಸುದ್ದಿ.

ದುರುಗಪ್ಪ ಮೂರನೆಯ ಕಂತಿನಲ್ಲೇ ಐದು ಮರಿ ಕೊಂಡೊಯ್ದಿದ್ದರು. ಹಟ್ಟಿಯ ಮನೆಯಲ್ಲಿ ದೊಡ್ಡ ತೊಟ್ಟಿ ಮಾಡಿದ್ದರು. ಪ್ರತಿ ಭಾನುವಾರ ಬೆಳಿಗ್ಗೆ ನನಗೆ ಒಂದು ರಿಂಗ್ ಬರುತ್ತಿತ್ತು. ಎರಡನೆಯ ರಿಂಗ್ ಎಂದೂ ಬರಲಿಲ್ಲ. ಮೊದಲ ರಿಂಗ್ ನಿಂತ ಮೇಲೂ ನಾನು ಸ್ವಲ್ಪ ಹೊತ್ತು ಫೋನನ್ನೇ ನೋಡುತ್ತಿದ್ದೆ, ಎರಡನೆಯದು ಬಾರದಿರಲಿ ಎಂದು. ಈಗ ಆ ನಂಬರಿನಿಂದ ರಿಂಗ್ ಬರುವುದಿಲ್ಲ. ಅವರ ಸೊಸೆ ಆಗಾಗ ಮೀನುಗಳ ಫೋಟೋ ಕಳಿಸುತ್ತಾಳೆ.

ದುರುಗಪ್ಪ ಇನ್ನೂ ಇದ್ದಾಗಲೇ, ನನ್ನ ಮೊಣಕಾಲು ಬಕೆಟ್ಟಿಗೆ ರಾಜೀನಾಮೆ ಕೊಟ್ಟ ವರ್ಷ ಸಾವ್ಕಾರರು ತೊಟ್ಟಿಗಳನ್ನು ಅಂಗಡಿಯ ಹಿಂದಿನ ಕೋಣೆಗೆ ಒಯ್ದರು. ಮದರ್ ಸುಪೀರಿಯರನ್ನು ನಾನು ಮಾರಲಿಲ್ಲ. ಆ ಹೊತ್ತಿಗೆ ಅವಳು ಗೇಣುದ್ದ ಬೆಳೆದಿದ್ದಳು. ಮುಚ್ಚಳದ ಬಕೆಟ್ಟಿನಲ್ಲಿ ನೀರು ತುಂಬಿ, ಅವಳನ್ನು ಕಾಲ ನಡುವೆ ಇಟ್ಟುಕೊಂಡು ಹಟ್ಟಿಯ ಬಸ್ಸು ಹತ್ತಿದೆ. ಮಸ್ಕಿ ದಾಟುವಾಗ ಕಂಡಕ್ಟರ್ ಬಂದ.

"ಅಮ್ಮಾರ, ಬಕೀಟ್‌ನ್ಯಾಗ ಏನೈತ್ರಿ?"

"ಮದರ್ ಸುಪೀರಿಯರ್."

"ಎಲ್ಲಿ ಇಳಿತಾರ್ರಿ?"

"ಹಟ್ಟಿ."

ಏನೆನಿಸಿತೋ, ಬಕೆಟ್ಟಿಗೆ ಟಿಕೆಟ್ ಕೇಳದೆ ಮುಂದೆ ಹೋದ.

ದುರುಗಪ್ಪ ಸ್ಟ್ಯಾಂಡಿಗೇ ಬಂದಿದ್ದರು. ಅವಳನ್ನು ಅವರ ತೊಟ್ಟಿಗೆ ಬಿಟ್ಟೆವು. ನಮ್ಮ ಆ ಐದು ಮರಿಗಳು ಈಗ ದೊಡ್ಡ ಹುಲಿಗಳಾಗಿ ಮನೆಯ ಯಜಮಾನರ ಹಾಗೆ ತಿರುಗುತ್ತಿದ್ದವು. ಅವಳು ಮೂಲೆಗೆ ಹೋಗಿ ಕುಳಿತಳು. ಹುಳ ಹಾಕಿದೆ. ಮುಟ್ಟಲಿಲ್ಲ. ಅಷ್ಟು ಕಂತು ಮಕ್ಕಳಿಗೆ ಉಣ್ಣಲು ಕಲಿಸಿದವಳು, ಹೊಸ ಮನೆಯಲ್ಲಿ ಗಂಟು ಬಿಚ್ಚದೆ ಕೂತುಬಿಟ್ಟಳು.

"ಅಕ್ಕಾರ, ನೀವು ನಡ್ರಿ. ಬಸ್ ಹೋಕ್ಕೈತಿ," ದುರುಗಪ್ಪ ಕೂಗಿದರು. "ಇಲ್ಲಿ ಹಳೇ ಆಳು ಐದ್ ಮಂದಿ ಅದಾವ."

ಲೈಟ್ ಆರಿಸಿದರು. ಸ್ಟೂಲು ಎಳೆದುಕೊಂಡು ತೊಟ್ಟಿಯ ಮುಂದೆ ಕುಳಿತು, ಬಲಗೈಯನ್ನು ಗಾಜಿಗೆ ಆನಿಸಿದರು. ನಾನು ಚಪ್ಪಲಿ ಮೆಟ್ಟಿ, ಖಾಲಿ ಬಕೆಟ್ಟು ಹಿಡಿದು, "ಹೋಗಿ ಬರ್ತೀನಿ" ಎಂದೆ. ಕೇಳಲಿಲ್ಲ. ಬಾಗಿಲ ಹತ್ತಿರ ಬರುವಾಗ ಒಳಗಿನಿಂದ ಟಕ್ ಎಂದಿತು. ತಿರುಗಿದೆ. ಕತ್ತಲಲ್ಲಿ ಅವರ ಬೆನ್ನು ಮಾತ್ರ ಕಾಣುತ್ತಿತ್ತು. ಗಾಜಿನ ಮೇಲಿದ್ದ ಕೈ ಅಲ್ಲೇ ಇತ್ತು. ಇನ್ನೊಂದು ಕೈ ನಿಧಾನವಾಗಿ ಮೇಲೆದ್ದಿತು, ಒಂದೇ ಬೆರಳು: ಒಂದು ರಿಂಗ್.